ಕಾರಿನ ಹೊಳಪೂ ಅಪ್ಪನ ಹಳದಿ ಬಟ್ಟೆಯೂ

ಆಯುಧಪೂಜೆ ಹತ್ತಿರ ಬಂದಿತೆಂದರೆ ನಮ್ಮ ಮನೆಗಳ ಮುಂದೆ ಬಕೆಟ್ಟು, ಬಟ್ಟೆ, ನೀರಿನ ಪೈಪುಗಳು ಹೊರಬರುತ್ತವೆ. ಊರಿನಲ್ಲಿ ಸೈಕಲ್ಲಿನಿಂದ ಹಿಡಿದು ಲಾರಿಯವರೆಗೆ ಎಲ್ಲ ವಾಹನಗಳಿಗೂ ಅಂದು ಅಭ್ಯಂಜನ. ಇಲ್ಲಿ ವರ್ಷವಿಡೀ ಕಾರಿನ ಕಡೆಗೆ ತಿರುಗಿ ನೋಡದವರೂ ಹಬ್ಬದ ಹಿಂದಿನ ಸಂಜೆ ಅದನ್ನು ತಿಕ್ಕಿ ತೊಳೆಯುತ್ತಾರೆ. ಹಾಗೆ ತಿಕ್ಕುವುದಕ್ಕೆ ಮೊದಲು, ಕಾರಿನ ಬಣ್ಣವನ್ನು ಮನೆಯಲ್ಲಿಯೇ ಕಾಪಾಡಿಕೊಳ್ಳುವ ಬಗ್ಗೆ ನಾನು ಕಲಿತದ್ದನ್ನೂ ಕಲಿಯುವ ಹಾದಿಯಲ್ಲಿ ಮಾಡಿದ ಎರಡು ತಪ್ಪುಗಳನ್ನೂ ಸದಸ್ಯ ಬಂಧುಗಳೊಡನೆ ಹಂಚಿಕೊಳ್ಳಬೇಕೆನಿಸಿತು. ಒಂದು ತಪ್ಪು ಕಾರಿಗೆ ಸಂಬಂಧಿಸಿದ್ದು. ಇನ್ನೊಂದು ನನ್ನ ತಂದೆಗೆ.

ಮೂರು ವರ್ಷಗಳ ಹಿಂದೆ ಅಪ್ಪ ಮೊದಲ ಬಾರಿಗೆ ಪರ್ತ್‌ಗೆ ಬಂದರು. ಅವರು ಹಾಸನದ ಸರ್ಕಾರಿ ಕಚೇರಿಯೊಂದರಲ್ಲಿ ಚಾಲಕರಾಗಿದ್ದವರು. ಸಾಹೇಬರ ಬಿಳಿಯ ಅಂಬಾಸಿಡರ್ ಕಾರನ್ನು ಬೆಳಿಗ್ಗೆ ಆರಕ್ಕೆಲ್ಲ ಒರೆಸಿ, ಮುಂದಿನ ಗಾಜಿನ ಬಳಿಯ ಗಣಪತಿಗೆ ಹೂವಿಟ್ಟು, ಆನಂತರವೇ ಕಾಫಿ ಕುಡಿಯುತ್ತಿದ್ದುದು ನನಗೆ ಬಾಲ್ಯದಿಂದಲೂ ಗೊತ್ತು. ವಿಮಾನ ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲಿ ನಾನು ಅವರಿಗೆ ಈ ಊರಿನ ನೀರಿನ ಕಥೆ ಹೇಳಿದೆ. ಮಳೆ ಕಡಿಮೆಯಾಗಿ ಅಣೆಕಟ್ಟುಗಳು ತುಂಬದಿರುವುದು, 2006ರಲ್ಲಿ ಕ್ವಿನಾನಾದಲ್ಲಿ ಸಮುದ್ರದ ನೀರನ್ನು ಸಿಹಿನೀರಾಗಿಸುವ ಸ್ಥಾವರ ಆರಂಭವಾದದ್ದು, ಚಳಿಗಾಲದಲ್ಲಿ ತೋಟದ ಸ್ಪ್ರಿಂಕ್ಲರ್ ಹಾಕುವಂತಿಲ್ಲವೆಂಬ ನಿಯಮ, ಎಲ್ಲವನ್ನೂ ತುಸು ಹೆಮ್ಮೆಯಿಂದಲೇ ವಿವರಿಸಿದೆ. ಅಪ್ಪ ಕಿಟಕಿಯಾಚೆ ನೋಡುತ್ತ ಸುಮ್ಮನೆ ಕೇಳಿಸಿಕೊಂಡರು.

ಮೂರನೆಯ ದಿನ ಬೆಳಿಗ್ಗೆ ಏಳುವ ಹೊತ್ತಿಗೆ ಅವರು ಡ್ರೈವ್‌ವೇಯಲ್ಲಿದ್ದರು. ಪೆಟ್ಟಿಗೆಯಲ್ಲಿ ಮಡಿಸಿ ತಂದಿದ್ದ ಹಳದಿ ಬಟ್ಟೆಯಿಂದ ನಮ್ಮ ಕಡುನೀಲಿ ಕಾರಿನ ಧೂಳನ್ನು ಒರೆಸುತ್ತಿದ್ದರು. ಒಂದು ತೊಟ್ಟು ನೀರಿಲ್ಲ, ಒಣಬಟ್ಟೆ ಮಾತ್ರ. ವಯಸ್ಸಾದವರಿಗೆ ಒಂದು ಕೆಲಸವಾಯಿತೆಂದು ನಾನೂ ಸುಮ್ಮನಾದೆ. ನಾಲ್ಕು ವಾರಗಳಾದ ಮೇಲೆ ಒಂದು ಸಂಜೆ, ಓರೆಯಾಗಿ ಬಿದ್ದ ಬಿಸಿಲಿನಲ್ಲಿ ಬಾನೆಟ್ಟಿನ ತುಂಬ ಜೇಡರ ಬಲೆಯಂತೆ ಸುತ್ತುಸುತ್ತಾದ ಸಣ್ಣ ಗೀರುಗಳು ಕಾಣಿಸಿದವು. ನನಗೆ ತಡೆಯಲಾಗಲಿಲ್ಲ. “ಅಪ್ಪಾ, ದಯವಿಟ್ಟು ಇನ್ನು ಮೇಲೆ ಕಾರು ಮುಟ್ಟಬೇಡಿ” ಎಂದುಬಿಟ್ಟೆ. ಧ್ವನಿಯಲ್ಲಿ ದಯವಿಟ್ಟು ಎನ್ನುವಂಥದ್ದೇನೂ ಇರಲಿಲ್ಲ. “ಆಯ್ತು ಬಿಡಪ್ಪ” ಎಂದು ಅವರು ಬಟ್ಟೆಯನ್ನು ಮಡಿಸಿ ಒಳಗೆ ಹೋದರು. ಊರಿಗೆ ಹಿಂದಿರುಗುವವರೆಗೂ ಮತ್ತೆ ಡ್ರೈವ್‌ವೇಯ ಕಡೆ ಬರಲಿಲ್ಲ. ಬೆಳಗಿನ ಕಾಫಿಯನ್ನು ಹಿತ್ತಿಲಿನಲ್ಲಿ ಕುಳಿತು ಕುಡಿಯತೊಡಗಿದರು.

ಆ ಗೀರುಗಳು ಏನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಇಂದಿನ ಕಾರುಗಳ ಬಣ್ಣ ಒಂದೇ ಪದರವಲ್ಲ. ಲೋಹದ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ನಾವು ಕಾಣುವ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಪಾರದರ್ಶಕವಾದ ಕ್ಲಿಯರ್ ಕೋಟ್. ಇವೆಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 40ರಿಂದ 50 ಮೈಕ್ರಾನ್, ಎಂದರೆ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಹೊಳಪಿರುವುದು ಈ ಪದರದಲ್ಲಿ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ಅಂಶವಿರುವುದೂ ಇದರಲ್ಲಿಯೇ. ಪರ್ತ್‌ನ ಗಾಳಿಯಲ್ಲಿರುವ ಮರಳಿನ ಕಣ ಇದಕ್ಕಿಂತ ಗಟ್ಟಿ. ಒಣಬಟ್ಟೆಯಿಂದ ಒರೆಸಿದಾಗ ಆ ಕಣವೇ ಉಜ್ಜುಕಾಗದದ ಕೆಲಸ ಮಾಡುತ್ತದೆ. ಹಾಗೆ ಮೂಡುವ ಗೀರುಗಳು ಬಹಳ ತೆಳುವಾದವು. ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಕಾಣುವಂಥವು.

ಹಾಗಾದರೆ ಅಪ್ಪನ ಅಂಬಾಸಿಡರ್ ಹೇಗೆ ಹೊಳೆಯುತ್ತಿತ್ತು? ಕ್ಲಿಯರ್ ಕೋಟ್ ಕಾರುಗಳಲ್ಲಿ ಹೆಚ್ಚಾಗಿ ಬಳಕೆಗೆ ಬಂದದ್ದು 1980ರ ದಶಕದಿಂದ ಈಚೆಗೆ. ಹಳೆಯ ಕಾರುಗಳಲ್ಲಿ ಮೇಲಿನ ಪದರವೇ ಬಣ್ಣ. ಬಿಸಿಲಿಗೆ ಅದು ಸುಣ್ಣದಂತೆ ಮಂಕಾಗುತ್ತಿತ್ತು. ರಬ್ಬಿಂಗ್ ಹಾಕಿ ಉಜ್ಜಿದರೆ ಸತ್ತ ಪದರ ಬಟ್ಟೆಗೆ ಹತ್ತಿ, ಕೆಳಗಿನ ಹೊಸ ಬಣ್ಣ ಮೇಲೆ ಬರುತ್ತಿತ್ತು. ಅಲ್ಲಿ ಉಜ್ಜುವುದೇ ಆರೈಕೆಯಾಗಿತ್ತು. ಅಪ್ಪನ ಕೈಗೆ ಗೊತ್ತಿದ್ದದ್ದು ಆ ವಿದ್ಯೆ, ಆ ಬಣ್ಣಕ್ಕೆ ಸರಿಯಾದ ವಿದ್ಯೆಯೇ. ಇದು ನನಗೆ ತಿಳಿದದ್ದು ಅವರು ಊರಿಗೆ ಹೋದ ಬಹಳ ದಿನಗಳ ಮೇಲೆ.

ಈ ಕಾರು ನಮ್ಮೊಡನೆ ಮೂರು ಊರು ಕಂಡಿದೆ. ಕೊಂಡದ್ದು ಬ್ರಿಸ್ಬೇನಿನಲ್ಲಿ. ಅಲ್ಲಿ ಶತ್ರುಗಳು ಮೇಲಿನಿಂದ ಬರುತ್ತವೆ: ಹಗಲಿನಲ್ಲಿ ಲೋರಿಕೀಟ್ ಗಿಳಿಗಳು, ರಾತ್ರಿ ಹಣ್ಣು ತಿನ್ನುವ ಬಾವಲಿಗಳು, ವಸಂತದಲ್ಲಿ ಜಕರಂಡಾ ಹೂವು. ಬಿಸಿಲಿಗೆ ಕಾದು ಮೆತ್ತಗಾದ ಬಣ್ಣದ ಮೇಲೆ ಹಿಕ್ಕೆ ಒಣಗಿ ಗಟ್ಟಿಯಾದರೆ ಅದರ ಗುರುತು ಅಚ್ಚೊತ್ತಿದಂತೆ ಉಳಿದುಬಿಡುತ್ತದೆ. ಅದನ್ನು ಕೆರೆಯಬಾರದು. ಒದ್ದೆ ಮಾಡಿದ ಟಿಶ್ಯೂ ಕಾಗದವನ್ನು ಅದರ ಮೇಲೆ ಐದು ನಿಮಿಷ ಹೊದಿಸಿಟ್ಟು, ಮೆತ್ತಗಾದ ಮೇಲೆ ಎತ್ತಿ ತೆಗೆಯಬೇಕು. ಉದುರಿದ ಹೂವೂ ಅಷ್ಟೇ. ಒದ್ದೆಯಾಗಿ ಕೊಳೆಯುವ ಮೊದಲೇ ತೆಗೆದುಬಿಡಬೇಕು.

ಅಡಿಲೇಡಿಗೆ ಬಂದಾಗ ಶತ್ರು ನಲ್ಲಿಯಲ್ಲಿಯೇ ಇತ್ತು. ಮರ್ರಿ ನದಿಯಿಂದಲೂ ಗುಡ್ಡಗಳ ಜಲಾಶಯಗಳಿಂದಲೂ ಬರುವ ಅಲ್ಲಿಯ ನೀರು ಸ್ವಲ್ಪ ಗಡುಸು. ಕೆಟಲಿನ ಒಳಗೆ ಕಟ್ಟುವ ಬಿಳಿಯ ಪೊರೆಯೇ ತೊಳೆದು ಹಾಗೆಯೇ ಬಿಟ್ಟ ಕಾರಿನ ಮೇಲೆ ಚುಕ್ಕೆಗಳಾಗಿ ಉಳಿಯುತ್ತದೆ. ಆದ್ದರಿಂದ ಬಿಸಿಲಿನಲ್ಲಿ ತೊಳೆಯಬಾರದು, ತೊಳೆದ ಕೂಡಲೇ ನೀರನ್ನು ಆರಿಸಬೇಕು. ಚುಕ್ಕೆ ಆಗಿಯೇಬಿಟ್ಟಿದ್ದರೆ ನೀರು ಬೆರೆಸಿದ ಬಿಳಿಯ ವಿನೆಗರಿನಲ್ಲಿ ಬಟ್ಟೆಯನ್ನು ಅದ್ದಿ ಹಗುರವಾಗಿ ಒತ್ತಿ, ಕೂಡಲೇ ನೀರಿನಿಂದ ತೊಳೆದುಬಿಡಬೇಕು. ತಾಮ್ರದ ಚೊಂಬಿಗೆ ಅಮ್ಮ ಹುಣಸೆಹಣ್ಣು ಹಚ್ಚುತ್ತಿದ್ದರಲ್ಲ, ಇದೂ ಹುಳಿಯ ಕೆಲಸವೇ. ಆದರೆ ಚೊಂಬನ್ನು ತಿಕ್ಕಿದ ಹಾಗೆ ಇದನ್ನು ತಿಕ್ಕುವಂತಿಲ್ಲ.

ಅಲ್ಲಿಂದ ನಲ್ಲಾರ್ಬೋರ್ ಬಯಲನ್ನು ದಾಟಿ, ಸುಮಾರು 2,700 ಕಿಲೋಮೀಟರ್ ಓಡಿಸಿಕೊಂಡು, ಮುಂಭಾಗದ ತುಂಬ ಹುಳುಗಳನ್ನು ಅಂಟಿಸಿಕೊಂಡು ಪರ್ತ್‌ಗೆ ಬಂದೆವು. ಇಲ್ಲಿಯ ಬೇಸಿಗೆಯ ಬಿಸಿಲಿನ ಬಗ್ಗೆ ಹೇಳುವುದೇ ಬೇಡ. ಅತಿನೇರಳೆ ಸೂಚ್ಯಂಕ 11ನ್ನು ದಾಟುವುದು ಸಾಮಾನ್ಯ. ಮಧ್ಯಾಹ್ನ ಬೀಸುವ, ಎಲ್ಲರೂ ಫ್ರೀಮ್ಯಾಂಟಲ್ ಡಾಕ್ಟರ್ ಎಂದು ಕರೆಯುವ ತಂಗಾಳಿ ನಮಗೆ ವೈದ್ಯನಾದರೂ ಕಾರಿಗೆ ಉಪ್ಪನ್ನೂ ಮರಳನ್ನೂ ಹೊತ್ತು ತರುತ್ತದೆ. ಬೋರ್ ನೀರಿನ ಸ್ಪ್ರಿಂಕ್ಲರ್ ಇರುವ ಕಡೆ ಕಾರು ನಿಲ್ಲಿಸಿದರೆ, ಬೇಲಿ ಗೋಡೆಗಳ ಮೇಲೆ ಕಾಣುವ ಕಬ್ಬಿಣದ ಕಂದು ಕಲೆ ಕಾರಿಗೂ ಬರುತ್ತದೆ.

ಇಷ್ಟೆಲ್ಲ ತಡೆದುಕೊಂಡು ಬಂದ ಬಣ್ಣಕ್ಕೆ ದೊಡ್ಡ ಹಾನಿ ಮಾಡಿದವನು ನಾನೇ. ಅಪ್ಪ ಊರಿಗೆ ಹೋದ ಮೇಲೆ ಆ ಗೀರುಗಳನ್ನು ತೆಗೆದೇ ತೀರುತ್ತೇನೆಂದು ಹಳೆಯ ಪಾಲಿಶಿಂಗ್ ಯಂತ್ರವೊಂದನ್ನು ಕೊಂಡೆ. ಗೀರು ತೆಗೆಯುವುದೆಂದರೆ ಗೀರನ್ನು ತುಂಬುವುದಲ್ಲ. ಅದರ ಆಳದವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನು ಸವೆಸಿ ಸಮತಟ್ಟಾಗಿಸುವುದು. ಮೊದಲ ವಾರ ಕಾರು ಕನ್ನಡಿಯಂತಾಯಿತು. ಹೆಂಡತಿ ಹೊಗಳಿದಳು, ಪಕ್ಕದ ಮನೆಯವರು ನಿಂತು ನೋಡಿದರು. ಅಷ್ಟಕ್ಕೆ ಬಿಡಬೇಕಿತ್ತು. ಇನ್ನೂ ಎರಡು ಗೀರು ಉಳಿದಿವೆಯೆಂದು ಮತ್ತೊಮ್ಮೆ, ಅದು ಸಾಲದೆಂದು ಮಗದೊಮ್ಮೆ ಉಜ್ಜಿದೆ. ಮೂರನೆಯ ಬಾರಿ ಬಾನೆಟ್ಟಿನ ಅಂಚಿನ ಏಣಿನ ಮೇಲೆ ಯಂತ್ರ ಒಂದು ಕ್ಷಣ ಹೆಚ್ಚು ನಿಂತಿತು. ಅಂಚುಗಳಲ್ಲಿ ಬಣ್ಣ ಮೊದಲೇ ತೆಳು. ಅಂಗೈಯಷ್ಟು ಜಾಗ ಮಂಕಾಯಿತು. ಎಷ್ಟು ಮೇಣ ಹಚ್ಚಿದರೂ ಹೊಳಪು ಬರಲಿಲ್ಲ.

ಕಾರಿಗೆ ಬಣ್ಣ ಹಾಕುವ ಕಾರ್ಯಾಗಾರದವರು ದಪ್ಪ ಅಳೆಯುವ ಪುಟ್ಟ ಉಪಕರಣವನ್ನು ಅಲ್ಲಿ ಇಟ್ಟು ನೋಡಿ, ಈ ಜಾಗದಲ್ಲಿ ಕ್ಲಿಯರ್ ಕೋಟ್ ಉಳಿದಿಲ್ಲ, ಬಾನೆಟ್ಟಿಗೆ ಪೂರ್ತಿ ಹೊಸದಾಗಿ ಬಣ್ಣ ಹಾಕುವುದೊಂದೇ ದಾರಿ ಎಂದರು. ಪಕ್ಕದಲ್ಲಿದ್ದ, ನಾನು ಇನ್ನೂ ಮುಟ್ಟದಿದ್ದ ಬಾಗಿಲನ್ನು ತೋರಿಸಿ, ಅಪ್ಪ ಒರೆಸಿದ್ದ ಗೀರುಗಳಿಂದ ಏನಾಗಬಹುದೆಂದು ಕೇಳಿದೆ. ಅವು ಕಣ್ಣಿಗೆ ಕಾಣುತ್ತವೆ ಅಷ್ಟೇ, ಅವುಗಳ ಜೊತೆ ಕಾರು ಇನ್ನೂ ಹತ್ತು ವರ್ಷ ಓಡುತ್ತದೆ ಎಂದರು. ಅಪ್ಪ ಒಂದು ತಿಂಗಳು ಒರೆಸಿ ಕಳೆದಿದ್ದಕ್ಕಿಂತ ಹೆಚ್ಚನ್ನು ನಾನು ಒಂದು ಮಧ್ಯಾಹ್ನದಲ್ಲಿ ಕಳೆದಿದ್ದೆ.

ಆ ರಾತ್ರಿ ಊರಿಗೆ ಫೋನ್ ಮಾಡಿದೆ. ಕ್ಷಮೆ ಕೇಳುವ ಮಾತು ನಾಲಿಗೆಗೆ ಬರಲಿಲ್ಲ. ಅಂಬಾಸಿಡರ್ ಕಾರಿಗೆ ಏನು ಹಾಕಿ ಉಜ್ಜುತ್ತಿದ್ದಿರಿ ಎಂದು ಕೇಳಿದೆ. ಅಪ್ಪ ಅರ್ಧ ಗಂಟೆ ಹೇಳಿದರು. ಕೊನೆಗೆ ಕ್ಲಿಯರ್ ಕೋಟಿನ ವಿಷಯ ತೆಗೆದು, ಒಣಬಟ್ಟೆಯಿಂದ ಒರೆಸಬಾರದೆಂಬುದರ ಕಾರಣವನ್ನು ವಿವರಿಸಿದೆ. “ನೀನೇ ಹೇಳಿದ್ದೆಯಲ್ಲಪ್ಪ, ಸಮುದ್ರದ ನೀರನ್ನು ಸಿಹಿ ಮಾಡಿ ಕುಡಿಯೋ ಊರು ಅಂತ. ಅದಕ್ಕೇ ನೀರು ಮುಟ್ಟಲಿಲ್ಲ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಅದರ ಬಣ್ಣ ಬೇರೆ, ಇದರ ಬಣ್ಣ ಬೇರೆ ಅಂತ ಅವತ್ತೇ ಹೇಳಿದ್ದರೆ ಆಗ್ತಿತ್ತಲ್ಲ” ಎಂದರು. ಉತ್ತರ ಕೊಡಲು ನನ್ನ ಬಳಿ ಏನೂ ಇರಲಿಲ್ಲ.

ಈಗ ನಾನು ಅನುಸರಿಸುವ ಕ್ರಮ ಬಹಳ ಸರಳವಾದದ್ದು. ಬೆಳಗಿನ ತಂಪಿನಲ್ಲಿ, ನೆರಳಿನಲ್ಲಿ, ಸಾಧ್ಯವಾದರೆ ಹುಲ್ಲಿನ ಮೇಲೆ ಕಾರು ನಿಲ್ಲಿಸುವುದು. ರಸ್ತೆಯ ಚರಂಡಿಗೆ ಇಳಿದ ನೊರೆ ಶುದ್ಧೀಕರಣವಾಗದೆಯೇ ನದಿಗೂ ಕಡಲಿಗೂ ಹೋಗುತ್ತದೆ. ಮೊದಲು ನೀರು ಚಿಮುಕಿಸಿ ಸಡಿಲವಾದ ಮರಳನ್ನು ಇಳಿಸುವುದು; ಕೈಬಿಟ್ಟರೆ ನೀರು ನಿಲ್ಲುವ ನಳಿಗೆ ಪೈಪಿಗೆ ಇರಲಿ. ಎರಡು ಬಕೆಟ್ಟುಗಳು ಬೇಕು: ಒಂದರಲ್ಲಿ ಕಾರಿನ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬಟ್ಟೆಯನ್ನು ಜಾಲಿಸಲು ಬರಿಯ ನೀರು. ಮೈಕ್ರೋಫೈಬರ್ ಕೈಗವಸಿನಿಂದ ಮೇಲಿನಿಂದ ಕೆಳಕ್ಕೆ, ನೇರ ಗೆರೆಯಲ್ಲಿ, ಒತ್ತದೆ ಸವರಬೇಕು. ಚಕ್ರಗಳಿಗೆ ಬೇರೆಯೇ ಬಟ್ಟೆ. ನೆಲಕ್ಕೆ ಬಿದ್ದ ಬಟ್ಟೆ ಮತ್ತೆ ಕಾರನ್ನು ಮುಟ್ಟಬಾರದು. ಪಾತ್ರೆ ತೊಳೆಯುವ ದ್ರವ ಬೇಡ. ಅದು ಹಚ್ಚಿದ ಮೇಣವನ್ನೂ ತೆಗೆದುಬಿಡುತ್ತದೆ. ಕೊನೆಗೆ ದಪ್ಪನೆಯ ಟವೆಲನ್ನು ಹಾಸಿ ನೀರು ಹೀರಿಸಿಕೊಳ್ಳಬೇಕು, ಎಳೆದಾಡಬಾರದು.

ವರ್ಷಕ್ಕೆ ಮೂರು ನಾಲ್ಕು ಬಾರಿ ತೆಳ್ಳಗೆ ಮೇಣ ಹಚ್ಚಿದರೆ ಸಾಕು. ಕಾರಿನ ಮೇಣಗಳಲ್ಲಿ ಹೆಸರಾದ ಕಾರ್ನೌಬಾ ಬ್ರೆಜಿಲ್ ದೇಶದ ತಾಳೆ ಜಾತಿಯ ಮರವೊಂದರ ಎಲೆಯಿಂದ ಬರುತ್ತದೆ. ನಮ್ಮ ಚನ್ನಪಟ್ಟಣದಲ್ಲಿಯೂ ಅರಗಿನ ಬಣ್ಣ ಹಚ್ಚಿದ ಬೊಂಬೆಗೆ ತಾಳೆಗರಿಯನ್ನು ಒತ್ತಿಯೇ ಹೊಳಪು ಕೊಡುತ್ತಾರೆ. ಮೇಣ ಗೀರನ್ನು ತೆಗೆಯುವುದಿಲ್ಲ. ಬಿಸಿಲು, ಉಪ್ಪು, ಹಿಕ್ಕೆಗಳು ಮೊದಲು ತಾಗುವುದು ತನಗೇ ಆಗುವಂತೆ ನೋಡಿಕೊಳ್ಳುತ್ತದೆ, ಸವೆದಾಗ ಮತ್ತೆ ಹಚ್ಚಬಹುದು. ಪಾಲಿಶ್ ಮಾತ್ರ ಹಾಗಲ್ಲ. ಅದು ಪ್ರತಿ ಸಲವೂ ಹಿಂದಿರುಗದ ಗಂಟಿನಿಂದ ಖರ್ಚು ಮಾಡುತ್ತದೆ. ಯಂತ್ರವನ್ನು ನಾನು ಮಾರಿಬಿಟ್ಟೆ.

ಹಬ್ಬದ ದಿನಕ್ಕೆ ಒಂದೆರಡು ಮಾತು. ಅರಿಸಿನ ಕುಂಕುಮಗಳನ್ನು ಬಣ್ಣದ ಮೇಲೆ ನೇರವಾಗಿ ಹಚ್ಚದೆ ಗಾಜಿನ ಮೇಲೋ ನಂಬರ್ ಪ್ಲೇಟಿನ ಮೇಲೋ ಹಚ್ಚಿದರೆ ಕಲೆಯ ಭಯವಿಲ್ಲ. ಹಾರದ ತಂತಿಯ ತುದಿಗಳನ್ನು ಒಳಕ್ಕೆ ಮಡಿಸಿ. ಒಣಗಿದ ಗಂಧವನ್ನು ಕೆರೆಯಬೇಡಿ, ಒದ್ದೆ ಮಾಡಿ ತೆಗೆಯಿರಿ.

ಅಪ್ಪ ಈ ತಿಂಗಳು ಮತ್ತೆ ಬಂದಿದ್ದಾರೆ. ಜಾಲಿಸುವ ನೀರೇ ಬೇಡದ ಶಾಂಪೂ ಒಂದಿದೆ. ಅರ್ಧ ಬಕೆಟ್ಟಿನಲ್ಲಿ ಇಡೀ ಕಾರು ಮುಗಿಯುತ್ತದೆ. ಒದ್ದೆ ಬಟ್ಟೆಯ ಒಂದೊಂದು ಮಡಿಕೆಯನ್ನು ಒಮ್ಮೆ ಮಾತ್ರ ಬಳಸಿ ಒರೆಸುವುದನ್ನು ಒಮ್ಮೆ ತೋರಿಸಿದೆ, ಅಷ್ಟೇ. ಅಷ್ಟು ಕಡಿಮೆ ನೀರಿನಲ್ಲಿ ಆಗುತ್ತದೆಂಬುದೇ ಅವರಿಗೆ ಬಹಳ ಹಿಡಿಸಿತು. ನನಗಿಂತ ಅಚ್ಚುಕಟ್ಟಾಗಿ ಮಾಡುತ್ತಾರೆ. ಹಳದಿ ಬಟ್ಟೆ ಈಗ ಒಳಗಿನ ಡ್ಯಾಶ್‌ಬೋರ್ಡಿಗೆ.

ಕಳೆದ ಭಾನುವಾರ ಒರೆಸುತ್ತ ಬಾನೆಟ್ಟಿನ ಅಂಚಿಗೆ ಬಂದವರು ಆ ಮಂಕು ಜಾಗದಲ್ಲಿ ಬೆರಳಿಟ್ಟು, “ಇದು ನಾನು ಮಾಡಿದ್ದಾ?” ಎಂದು ಮೆಲ್ಲನೆ ಕೇಳಿದರು.

“ಇಲ್ಲಪ್ಪ, ನಾನು ಮಾಡಿದ್ದು.”

ಅವರು ಅದನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನಕ್ಕು, “ಹಾಗಾದರೆ ಹಬ್ಬದ ದಿನ ಕುಂಕುಮ ಇಲ್ಲಿಗೇ ಇಡೋಣ. ಇನ್ನು ಹಾಳಾಗೋದು ಏನಿದೆ?” ಎಂದರು.