ಕನ್ಹೇರಿಯ ಸಿಮೆಂಟಿನ ಹಳ್ಳಿ

ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ ಅವರು ಸೇವೆ ಸಲ್ಲಿಸಿದ ವಿಲಿಂಗ್ಡನ್ ಕಾಲೇಜು ಇರುವ ವಿಶ್ರಾಮಬಾಗದಲ್ಲಿ ಇಂದಿಗೂ ಕನ್ನಡದ ಮನೆಗಳಿವೆ. ಜತ್ತ ತಾಲೂಕಿನಿಂದ ಬಂದು ನೆಲೆಸಿದ ಅಂಥ ಕುಟುಂಬಗಳಿಗೆ ರಜಾದಿನದ ಪ್ರವಾಸಕ್ಕೆ ಹೇಳಿ ಮಾಡಿಸಿದ ತಾಣ ಕನ್ಹೇರಿ. ಜಯಸಿಂಗಪುರ, ಹಾತಕಣಂಗಲೆ ದಾಟಿ ಕೊಲ್ಲಾಪುರ ಸೇರಿ, ಬೆಳಗಾವಿಯ ಕಡೆಗೆ ಹೆದ್ದಾರಿ ಹಿಡಿದರೆ ಗೋಕುಳ ಶಿರಗಾಂವದ ಸಮೀಪ ಸಿದ್ಧಗಿರಿ ಮಠದ ದಾರಿ ಸಿಗುತ್ತದೆ. ಬೆಳಿಗ್ಗೆ ಹೊರಟವರು ದೀಪ ಹಚ್ಚುವ ಹೊತ್ತಿಗೆ ಮರಳಬಹುದು.

ಕೊಲ್ಲಾಪುರದ ಮಗ್ಗುಲಲ್ಲಿದ್ದರೂ ಈ ಮಠಕ್ಕೆ ಕನ್ನಡದ ನಂಟಿದೆ. 2001ರಲ್ಲಿ ದೇಹವಿಟ್ಟ ಮುಪ್ಪಿನ ಕಾಡಸಿದ್ಧೇಶ್ವರ ಸ್ವಾಮಿಗಳ ಹೆಸರಿನ ಮೊದಲ ಪದವೇ ಅಚ್ಚಗನ್ನಡದ್ದು. ಅವರ ಗುರುಪರಂಪರೆ ವಿಜಯಪುರ ಜಿಲ್ಲೆಯ ಇಂಚಗೇರಿಗೆ, ಜತ್ತ ಸೀಮೆಯ ಉಮದಿಗೆ ಹೋಗಿ ಮುಟ್ಟುತ್ತದೆ.

ಮಠದ ಆವರಣದಲ್ಲಿ ಹಳೆಯ ಕಾಲದ ಹಳ್ಳಿಯೊಂದನ್ನು ಆಳೆತ್ತರದ ಸಿಮೆಂಟಿನ ಮೂರ್ತಿಗಳಲ್ಲಿ ಕಟ್ಟಿ ನಿಲ್ಲಿಸಲಾಗಿದೆ. ಕಂಬಾರ, ಕುಂಬಾರ, ಬಡಿಗ, ಒಕ್ಕಲಿಗ ಎಲ್ಲರೂ ತಂತಮ್ಮ ಕಾಯಕದಲ್ಲಿದ್ದಾರೆ. ಮರಾಠಿ ಶಾಲೆಗೆ ಹೋಗುವ ಮೊಮ್ಮಗಳು “ಆಯಿ, ಇದಕ್ಕ ನಮ್ಮ ಮಾತಿನ್ಯಾಗ ಏನಂತಾರ?” ಎಂದು ಕೇಳುವುದು ಇಲ್ಲಿಯೇ. ತಿದಿ, ತಿಗರಿ, ಕೂರಿಗೆ, ಒನಕೆ ಎಂಬ ಮಾತುಗಳು ವಸ್ತುವಿನ ಎದುರಿಗೇ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುತ್ತವೆ.

ಮರಾಠಿಯ ಬಲುತೇದಾರರೇ ಕನ್ನಡದ ಆಯಗಾರರು. ಸುಗ್ಗಿಯ ಕಾಲಕ್ಕೆ ಕಣದಲ್ಲಿ ಕಾಳಿನ ಪಾಲು ಪಡೆಯುವುದು ಅವರ ಹಕ್ಕಾಗಿತ್ತು. ಆದರೆ ಆ ಹಕ್ಕಿಗೆ ಹುಟ್ಟಿನ ಕಟ್ಟು ಇತ್ತು. ಮಹಾರ ವತನದಾರರಂತೂ ತುಂಡು ಭೂಮಿ ಮತ್ತು ಹಿಡಿ ಕಾಳಿಗಾಗಿ ಸರಕಾರದ ಚಾಕರಿಯನ್ನು ಹಗಲಿರುಳೂ ಮಾಡಬೇಕಿತ್ತು. 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಯ ತಿದ್ದುಪಡಿಗಾಗಿ ಡಾ. ಅಂಬೇಡ್ಕರ ಅವರು 1928ರಲ್ಲಿಯೇ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದರು. ಅಂಥ ವತನಗಳ ರದ್ದತಿಗೆ ಮುಂಬಯಿ ರಾಜ್ಯದ 1958ರ ಕಾಯ್ದೆಯೇ ಬರಬೇಕಾಯಿತು.

ಕನ್ಹೇರಿಯ ಮೂರ್ತಿಗಳ ಮುಖದಲ್ಲಿ ಈ ನೋವು ಕಾಣದು. ಅಲ್ಲಿ ಊರೆಲ್ಲ ನೆಮ್ಮದಿಯಾಗಿದೆ. ಆದುದರಿಂದ ಮಕ್ಕಳನ್ನು ಕರೆದೊಯ್ಯುವ ಹಿರಿಯರು ಎರಡನ್ನೂ ಹೇಳಬೇಕು: ತಿಗರಿಯ ಹೆಸರನ್ನೂ, ತಿಗರಿ ತಿರುಗಿಸುವವನ ಮಗ ಬೇರೊಂದು ಕಾಯಕವನ್ನು ಆರಿಸಿಕೊಳ್ಳಲಾಗದಿದ್ದ ಕಾಲವನ್ನೂ.