ಮಗನ ಕಾರು, ನನ್ನ ಕುಕ್ಕರು

ಹೋದ ಸಲ ಹಲಸಿನಕಾಯಿ ಹಪ್ಪಳದ ಬಗ್ಗೆ ಬರದಿದ್ದೆ. ಅದನ್ನ ಓದಿ ಜೋಯಿಡಾದ ನಮ್ಮ ತಂಗಿ ಫೋನ್ ಮಾಡಿ, "ಅಕ್ಕಾ, ಹಪ್ಪಳ ಸಾಕು. ಸಣ್ಣಂವನ ಕಾರಿನ ಸುದ್ದಿ ಬರಿ" ಅಂದಳು. ಬರೀಬೇಕೋ ಬ್ಯಾಡೋ ಅಂತ ಎಂಟು ದಿನ ವಿಚಾರ ಮಾಡಿದೆ. ಯಾಕಂದ್ರ ಈ ಸುದ್ದಿಯೊಳಗ ಅವನ ತಪ್ಪು ಅಷ್ಟ ಇಲ್ಲ, ನಂದೂ ಒಂದು ಐತಿ. ಇಷ್ಟ ವರ್ಷ ಯಾರಿಗೂ ಹೇಳಿರಲಿಲ್ಲ.

ನಮ್ಮ ಸಣ್ಣಂವಗ ರಿಮೋಟ್ ಕಾರಿನ ಹುಚ್ಚು ಅಂತ ನಿಮಗೆಲ್ಲಾ ಗೊತ್ತೈತಿ. ಜಾತ್ರ್ಯಾಗ ಸಿಗೋ ಆಟಗಿ ಸಾಮಾನಲ್ಲ ಮತ್ತ. ಖರೇ ಕಾರಿನ ಹತ್ತರಾಗ ಒಂದು ಪಾಲಿನ ಅಳತಿ, ಒಂದು ಮೊಳದಷ್ಟು ಉದ್ದ. ಬಿಟ್ಟರ ಬಾಣ ಬಿಟ್ಟಂಗ ಓಡ್ತೈತಿ. ಇಲ್ಲೇ ಹಳಿಯಾಳದಾಗ ಇಂಜಿನಿಯರಿಂಗ್ ಕಲಿಯೋವಾಗ ಗೆಳೆಯಾರ ಸಂಗತಿ ಹತ್ತಿದ ಹುಚ್ಚದು. ದಾಂಡೇಲಿ ಮಾವಶಿ ಮನಿಗೆ ಹೋದ್ರೂ ಚೀಲದಾಗ ಕಾರು ಇಟ್ಕೊಂಡ ಹೋಗ್ತಿದ್ದ. ನಮ್ಮ ಮನ್ಯಾವ್ರು, "ಲಗ್ನದ ವಯಸ್ಸಿಗೆ ಬಂದಾನ, ಇನ್ನೂ ಕಾರು ಆಡ್ತಾನ" ಅಂತ ಬೈತಿದ್ರು. ನಾ ಸುಮ್ಮನ ನಗತಿದ್ದೆ.

ಈ ವರ್ಷ ಹೋಳಿ ಮುಗದ ಮ್ಯಾಲೆ ಬೆಂಗಳೂರಾಗ ಒಂದು ರೇಸ್ ಇತ್ತು. ಹೋಗಬೇಕು, ಆದ್ರ ಚೊಲೋ ಬ್ಯಾಟರಿ ಬೇಕು ಅಂದ. ಅಪ್ಪನ ಮುಂದ ಕೇಳೋ ಧೈರ್ಯ ಇಲ್ಲ. ನನ್ನ ಭಿಶಿ ರೊಕ್ಕ ಬಂದಿತ್ತು. ಅದರಾಗ ಆರು ಸಾವಿರ ಎಣಿಸಿ ಕೊಟ್ಟೆ. ಒಬ್ಬರಿಗೂ ಹೇಳಲಿಲ್ಲ.

ರಾತ್ರಿ ಬಸ್ಸಿಗೆ ಹೋದಂವ ಮರುದಿನ ರಾತ್ರಿ ಬಸ್ಸಿಗೇ ಹೊಳ್ಳಿ ಬಂದ. ಮಾರಿ ನೋಡಿದ್ರ ಗೊತ್ತಾಗ್ತಿತ್ತು. ಚಾ ಮುಂದಿಟ್ಟರೂ ಮುಟ್ಟಲಿಲ್ಲ. ಕಡೀಕ ಹೇಳಿದ: "ಅವ್ವಾ, ಓಡಸಾಕ ಬಿಡಲೇ ಇಲ್ಲ. ತಪಾಸಣಿ ಟೇಬಲ್ಲಿನ ಮ್ಯಾಲೇನ ಹೊರಗ ತಗದ್ರು. ನನ್ನ ಬ್ಯಾಟರಿ ಹೆಸರು ಅವರ ಪಟ್ಟಿಯೊಳಗ ಇಲ್ಲಂತ."

ನನಗೂ ಮೊದಲ ಸಿಟ್ಟ ಬಂತು. ಅಷ್ಟ ದೂರ ಹೋದ ಹುಡುಗನ್ನ ಒಂದು ಕಾಗದ ನೋಡಿ ಹೊರಗ ಕಳಸೋದ? ರೇಷನ್ ಕಾರ್ಡಿನ್ಯಾಗ ಹೆಸರಿಲ್ಲ ಅಂತ ಹೊಳ್ಳಿ ಕಳಸಿದಂಗ ಆತಲ್ಲ ಅಂದೆ. "ಏನ್ ಪಟ್ಟಿ ಅದು, ಬಿಡಿಸಿ ಹೇಳು" ಅಂದೆ. ಅಂವ ಹೇಳಿದ್ದನ್ನ ನನಗ ತಿಳದಷ್ಟು ಬರೀತೀನಿ.

ಈ ಕಾರಿಗೆ ಹಾಕೋ ಬ್ಯಾಟರಿಗೆ ಲಿಪೋ ಅಂತಾರ, ಲಿಥಿಯಂದು. ಮೊದಲ ಬ್ಯಾರೆ ನಮೂನಿ ಆರು ಸೆಲ್ಲಿನ ಬ್ಯಾಟರಿ ಇದ್ದುವಂತ, ಈಗ ಎರಡ ಸೆಲ್ಲಿನ ಲಿಪೋ. ಒಂದೊಂದು ಸೆಲ್ 3.7 ವೋಲ್ಟ್, ಎರಡು ಕೂಡಿ 7.4. ಪೂರ್ತಿ ಚಾರ್ಜ್ ಆದ್ರ ಒಂದೊಂದು 4.2, ಅಂದ್ರ ಎರಡು ಕೂಡಿ 8.4. ಅಲ್ಲಿಗೆ ನಿಲ್ಲಬೇಕು. ರೇಸಿನ ಮೊದಲ ಮೀಟರ್ ಹಚ್ಚಿ ನೋಡ್ತಾರ, 8.40 ದಾಟಿದ್ರ ಓಡಸಾಕ ಬಿಡೂದಿಲ್ಲ. ವೋಲ್ಟ್ ಹೆಚ್ಚಾದ್ರ ಮೋಟಾರ್ ಜೋರ ತಿರಗ್ತೈತಿ, ಅದು ಉಳದವರಿಗೆ ಮೋಸ. ಅದಕ್ಕಿಂತ ದೊಡ್ಡದು ಅಂದ್ರ, ಮಿತಿ ಮೀರಿ ಚಾರ್ಜ್ ಮಾಡಿದ್ರ ಸೆಲ್ಲಿನೊಳಗ ಗಾಳಿ ತುಂಬಿ ಉಬ್ಬತೈತಿ, ಬೆಂಕಿನೂ ಹತ್ತತೈತಿ. ಆ ಬೆಂಕಿ ಲಗೂ ಆರೂದಿಲ್ಲ.

ಇನ್ನೊಂದು, ಬ್ಯಾಟರಿ ಮ್ಯಾಲೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಇರಬೇಕು. ಕಾರು ಓಡೋವಾಗ ಗ್ವಾಡಿಗೆ ಬಡೀತೈತಿ, ಪಲ್ಟಿ ಹೊಡೀತೈತಿ. ಮೆತ್ತಗಿನ ಸೆಲ್ಲಿಗೆ ಏನರ ಚುಚ್ಚಿದ್ರ ಒಳಗ ಶಾರ್ಟ್ ಆಗಿ ಅಲ್ಲೇ ಹೊತ್ತತೈತಿ.

ಇದನ್ನೆಲ್ಲಾ ರೇಸಿನ ದಿನ ಒಂದೊಂದ ಬ್ಯಾಟರಿ ಬಿಚ್ಚಿ ನೋಡಾಕ ಆಗೂದಿಲ್ಲ. ಅದಕ್ಕ ಮೊದಲೇ ಪಟ್ಟಿ ಮಾಡ್ತಾರ. ಅಮೆರಿಕಾದಾಗ 1967ರಾಗ ಶುರುವಾದ ರೋರ್ ಅನ್ನೋ ಸಂಸ್ಥೆ ಐತಂತ, ಬ್ರಿಟನ್ನಿನ್ಯಾಗ ಬಿಆರ್‌ಸಿಎ. ಜಗತ್ತಿನ ಮಟ್ಟದ ರೇಸ್ ನಡಸೋದು ಇಫ್ಮಾರ್. ಬ್ಯಾಟರಿ ಮಾಡೋ ಕಂಪನ್ಯಾವ್ರು ಸ್ಯಾಂಪಲ್ ಕಳಸಬೇಕು. ಉದ್ದ, ಅಗಲ, ಎತ್ತರ, ಡಬ್ಬಿ, ಮ್ಯಾಲಿನ ಚೀಟಿ ಎಲ್ಲಾ ನೋಡಿ ಪಾಸಾದ್ರ ಅಷ್ಟ ಪಟ್ಟಿಯೊಳಗ ಹೆಸರು. ತಮ್ಮ ಕಂಪನಿ ಪರವಾಗಿ ಓಡಸಾವಗ ಒಂದು, ಮಂದಿಗೆ ಇನ್ನೊಂದು ಅನ್ನಂಗಿಲ್ಲ. ಬೆಂಗಳೂರಿನವರೂ ಅಂಥಾ ಪಟ್ಟೀನ ಹಿಡಕೊಂಡ ಕುಂತಿದ್ರಂತ.

ಕೇಳಿದ ಮ್ಯಾಲೆ ನನಗ ಸಿಲಿಂಡರ್ ನೆನಪಾತು. ಅದರ ಕೊಳ್ಳಾಗ ಒಳಗಿನ ಪಟ್ಟಿ ಮ್ಯಾಲೆ ಎ, ಬಿ, ಸಿ, ಡಿ ಅಂತ ಒಂದು ಅಕ್ಷರ, ಮುಂದ ಇಸವಿ ಬರದಿರತೈತಿ ನೋಡ್ರಿ. ಎ ಅಂದ್ರ ಜನವರಿಯಿಂದ ಮಾರ್ಚ್, ಬಿ ಅಂದ್ರ ಏಪ್ರಿಲ್‌ನಿಂದ ಜೂನ್, ಹಂಗ. ಆ ತಾರೀಖಿನೊಳಗ ಸಿಲಿಂಡರ್ ಮತ್ತ ಪರೀಕ್ಷಾ ಆಗಬೇಕು ಅಂತ ಅರ್ಥ. ನಾವೇನು ಸಿಲಿಂಡರ್ ಒಡದು ನೋಡ್ತೀವೇನು? ಯಾರೋ ನೋಡ್ಯಾರ ಅಂತ ನಂಬಿ ಕಡ್ಡಿ ಕೊರೀತೀವಿ.

"ಹಂಗಿದ್ರ ಅವರು ಮಾಡಿದ್ದು ಬರೋಬ್ಬರಿ ಐತಲ್ಲೋ ತಮ್ಮಾ. ಆರು ಸಾವಿರ ಕೊಟ್ಟು ತಂದ ಬ್ಯಾಟರಿ ಪಟ್ಟಿಯೊಳಗ ಯಾಕ ಇಲ್ಲ?" ಅಂದೆ.

ಅಂವ ತೆಳಗ ನೋಡಿದ.

ಬ್ಯಾಟರಿ ತಂದಿದ್ದು ಹದಿನೆಂಟು ನೂರಕ್ಕ. ಆನ್‌ಲೈನಿನ್ಯಾಗ ಸೋವಿ ಸಿಕ್ಕಿತ್ತಂತ. ಉಳದ ರೊಕ್ಕಕ್ಕ ಟಾಯರು, ಮೋಟಾರು. ಚೀಲದಾಗಿಂದ ತಗದು ತೋರಿಸಿದ. ಗಟ್ಟಿ ಡಬ್ಬಿ ಇಲ್ಲ, ಬರೇ ಪ್ಲಾಸ್ಟಿಕ್ ಹಾಳಿ ಸುತ್ತಿದ್ದು. ಒಂದು ಬಾಜೂ ಎಣ್ಣ್ಯಾಗ ಬಿಟ್ಟ ಪೂರಿ ಹಂಗ ಉಬ್ಬಿತ್ತು. ನನ್ನ ಎದಿ ಧಸಕ್ ಅಂತು. ಅದ ಬ್ಯಾಟರಿ ನಾಕು ದಿನ ನನ್ನ ಅಡಗಿ ಮನಿ ಮಾಡದಾಗ, ಗ್ಯಾಸಿನ ಬಾಜೂಕ ಚಾರ್ಜಿಗೆ ಹಚ್ಚಿತ್ತು. ಧೂಳು ಒರಸೋವಾಗ ನಾನ ಎತ್ತಿ ಇಟ್ಟಿದ್ದೆ.

ಬಾಯಿ ತುಂಬ ಬೈಬೇಕು ಅಂತ ಎದ್ದೆ. ಆದ್ರ ಮಾತು ಬರಲಿಲ್ಲ. ಯಾಕಂದ್ರ ಇಂಥಾದ್ದ ಕೆಲಸ ನಾನೂ ಮಾಡೀನಿ.

ನನ್ನ ಎಡಗೈ ಮ್ಯಾಲೆ ಮೊಳಕೈ ತನಕ ಸುಟ್ಟ ಕಲಿ ಐತಿ. ಎಣ್ಣಿ ಸಿಡಿದಿದ್ದು ಅಂತ ಎಲ್ಲಾರಿಗೂ ಹೇಳೀನಿ, ಮುಂಡಗೋಡದ ನಮ್ಮ ಅವ್ವಗೂ ಹಂಗ ಹೇಳೀನಿ. ಅದು ಖರೇ ಅಲ್ಲ. ಈ ಹುಡುಗ ಹುಟ್ಟಿ ವರ್ಷ ತುಂಬಿದ್ದಿಲ್ಲ ಆಗ. ಕುಕ್ಕರಿನ ಸೇಫ್ಟಿ ವಾಲ್ವ್ ಹೋಗಿತ್ತು. ಕಂಪನಿದು ತುಟ್ಟಿ ಅಂತ ಸಂತ್ಯಾಗ ಹತ್ತು ರೂಪಾಯಿದು ತಂದು ಕುಂಡ್ರಿಸಿದ್ದೆ. ಉಳದ ರೊಕ್ಕಕ್ಕ ಬಳಿ ಇಟ್ಕೊಂಡೆ. ಸೀಟಿ ಬರೋ ತೂತು ಬ್ಯಾಳಿ ಸಿಗಿಬಿದ್ದು ಬಂದಾದ್ರ ಆ ವಾಲ್ವಿನೊಳಗಿನ ಲೋಹ ಕರಗಿ ಉಗಿ ಹೊರಗ ಬಿಡಬೇಕು. ಅದಕ್ಕ ಅದನ್ನ ಇಟ್ಟಿರೋದು. ನನ್ನ ಹತ್ತು ರೂಪಾಯಿದು ಕರಗಲಿಲ್ಲ. ಮುಚ್ಚಳ ಹಾರಿ ಹಂಚಿಗೆ ಬಡೀತು, ಕುದಿಯೋ ಬ್ಯಾಳಿ ಕೈಮ್ಯಾಲೆ ಬಿತ್ತು. ತೊಟ್ಟಲಾ ದಿನಾ ಅಡಗಿ ಮನ್ಯಾಗ ಇರ್ತಿತ್ತು. ಅವತ್ತ ಸೆಕಿ ಅಂತ ಪಡಸಾಲ್ಯಾಗ ಕಟ್ಟಿದ್ದೆ.

ಮನ್ಯಾವ್ರು ಕೇಳಿದಾಗ ಎಣ್ಣಿ ಸಿಡೀತು ಅಂದೆ. ಮುಚ್ಚಳ ಸೊಟ್ಟಾಗಿದ್ದು ಕೈಜಾರಿ ಬಿತ್ತು ಅಂದೆ. ಬಳಿ ಸುದ್ದಿ ಹೇಳಲಿಲ್ಲ.

ಅವತ್ತ ಮಗನ ಮುಂದ ಕೈ ಚಾಚಿ ಎಲ್ಲಾ ಹೇಳಿದೆ. ಅಂವ ಆ ಕಲಿ ಮ್ಯಾಲೆ ಬೆರಳ ಆಡಿಸಿ ಸುಮ್ಮನ ಕುಂತ. ಹಿಂದ ಬಾಗಲದಾಗ ಮನ್ಯಾವ್ರು ನಿಂತಿದ್ರು. ಯಾವಾಗ ಬಂದ್ರೋ ಗೊತ್ತಿಲ್ಲ. ಏನೂ ಅನಲಿಲ್ಲ. ಒಳಗ ಹೋಗಿ ಕುಕ್ಕರ್ ಮುಚ್ಚಳ ಬೆಳಕಿಗೆ ಹಿಡದು ನೋಡಿದ್ರು.

ಉಬ್ಬಿದ ಬ್ಯಾಟರಿ ಉಸುಕಿನ ಬಕೀಟಿನೊಳಗ ಹಾಕಿ ಹಿತ್ತಲದಾಗ, ಮನಿಯಿಂದ ದೂರ ಇಟ್ವಿ. ಆಮ್ಯಾಲೆ ಹುಬ್ಬಳ್ಳಿಯೊಳಗ ಇ-ವೇಸ್ಟ್ ತಗೊಳ್ಳಾರ ಕಡೆ ಕೊಟ್ಟು ಬಂದ. ಈಗ ಪಟ್ಟಿಯೊಳಗಿಂದ ಒಂದ ಬ್ಯಾಟರಿ ತಂದಾನ, ಈ ಸಲ ತನ್ನ ದುಡದ ರೊಕ್ಕದಾಗ. ಕಟ್ಟಿ ಮ್ಯಾಲೆ, ಸಿಮೆಂಟಿನ ನೆಲದಾಗ ಇಟ್ಟು ಚಾರ್ಜ್ ಮಾಡ್ತಾನ. ಎರಡೂ ಸೆಲ್ ಸರೀ ಸಮ ತುಂಬೋ ಚಾರ್ಜರ್ ಅಂತ. ಚಾರ್ಜ್ ಮುಗಿಯೋ ತನಕ ಎದ್ದ ಹೋಗಂಗಿಲ್ಲ, ರಾತ್ರಿ ಹಚ್ಚಿ ಮಲಗಂಗಿಲ್ಲ. ಇದು ನಾ ಮಾಡಿದ ನಿಯಮ, ಯಾವ ಪಟ್ಟಿಯೊಳಗೂ ಇಲ್ಲ. ಮನ್ಯಾವ್ರು ಒಮ್ಮೊಮ್ಮೆ ಪೇಪರ್ ಹಿಡಕೊಂಡ ಅವನ ಬಾಜೂಕ ಕುಂಡ್ರತಾರ. ಕಾರಿನ ಬಗ್ಗೆ ಬೈಯೋದು ಮಾತ್ರ ಬಿಟ್ಟಿಲ್ಲ.

ಅಕ್ಕಾರ, ವೈನಿ, ತಂಗೀರ, ನಿಮ್ಮ ಮನ್ಯಾಗ ರಿಮೋಟ್ ಕಾರು ಇರಲಿಕ್ಕಿಲ್ಲ. ಆದ್ರ ಹಳೇ ಮೊಬೈಲು, ಪವರ್ ಬ್ಯಾಂಕು ಮಾಡದಾಗ ಬಿದ್ದಿರ್ತಾವ. ಒಂದಸಲ ತಗದು ನೋಡ್ರಿ. ಉಬ್ಬಿದ್ರ ಒತ್ತಬ್ಯಾಡ್ರಿ, ಚುಚ್ಚಬ್ಯಾಡ್ರಿ, ಮತ್ತ ಚಾರ್ಜಿಗೆ ಹಚ್ಚಬ್ಯಾಡ್ರಿ, ಕಸದಾಗೂ ಒಗೀಬ್ಯಾಡ್ರಿ. ಹಂಗ ಕುಕ್ಕರಿನ ವಾಲ್ವೂ ನೋಡ್ರಿ, ಯಾವ ಕಂಪನಿದು ಕುಕ್ಕರೋ ಅದರದ್ದ ಹಾಕ್ರಿ. ಆ ಬಳಿ ಇನ್ನೂ ನನ್ನ ಟ್ರಂಕಿನ್ಯಾಗ ಅದಾವ. ಒಂದ ದಿನಾನೂ ಇಟ್ಕೊಂಡಿಲ್ಲ.

ಮುಂದಿನ ಸಲ ಜೋಯಿಡಾದ ಗಡ್ಡಿಗೆಣಸಿನ ಪಲ್ಯ ಬರೀತೀನಿ. ತಂಗೀಗೆ ಕೇಳಿ ಅಳತಿ ಬರದಿಟ್ಕೊಂಡೀನಿ.