ಲೆಕ್ಕದ ಪುಸ್ತಕವೂ ಭಾನುವಾರದ ಅತಿಥಿಯೂ

ಬಿಡದಿಯೆಂದೊಡನೆ ದಾರಿಹೋಕರಿಗೆ ತಟ್ಟೆ ಇಡ್ಲಿ ನೆನಪಾಗುವುದು ಸಹಜ. ಇಲ್ಲಿಯೇ ನೆಲೆಸಿರುವ ನಮ್ಮಂಥವರಿಗಾದರೋ ಹೊತ್ತು ತಿಳಿಸುವುದು ಕಾರ್ಖಾನೆಯ ಪಾಳಿಯ ಬಸ್ಸುಗಳು. ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯು 1997ರಲ್ಲಿ ಸ್ಥಾಪಿತವಾಗಿ, 1999ರ ಕೊನೆಯಲ್ಲಿ ಇಲ್ಲಿಂದ ತನ್ನ ಮೊದಲ ವಾಹನಗಳನ್ನು ಹೊರಡಿಸಿತು. ಅಂದಿನಿಂದ ರಾಗಿಯ ಹೊಲಗಳಿದ್ದೆಡೆಯಲ್ಲಿ ಉದ್ದುದ್ದ ಗೋಡೆಗಳೂ, ಆ ಗೋಡೆಗಳೊಳಗೆ ನಮಗೆ ತಿಳಿಯದ ನಾನಾ ವಿದ್ಯೆಗಳೂ ಬೆಳೆದಿವೆ. ಅಂಥದೊಂದು ವಿದ್ಯೆಯು ಗೋಡೆಯನ್ನು ದಾಟಿ ನಮ್ಮ ಜಗುಲಿಗೆ ಬಂದುದರ ವೃತ್ತಾಂತವನ್ನು ವಾಚಕರಲ್ಲಿ ಅರಿಕೆಮಾಡಿಕೊಳ್ಳಬೇಕೆಂದಿದ್ದೇವೆ. ಅದರಲ್ಲಿ ನಮ್ಮ ಹೆಮ್ಮೆಗೆ ಎಡೆಯಿಲ್ಲವೆಂದು ಮೊದಲೇ ಹೇಳಿಬಿಡುವುದು ಲೇಸು.

ನಮ್ಮ ಬೀದಿಯವರು ಸೇರಿ ನಡೆಸುವ ಸಣ್ಣದೊಂದು ಸಂಘವುಂಟು. ಒಂದು ಕೊಠಡಿ, ಎರಡು ಕಪಾಟು ಪುಸ್ತಕ, ಸಂಜೆ ಮಕ್ಕಳಿಗೆ ಪಾಠ, ಇಷ್ಟೇ ಅದರ ವೈಭವ. ಉಪಾಧ್ಯಾಯವೃತ್ತಿಯಿಂದ ನಿವೃತ್ತರಾದ ನಮ್ಮನ್ನು ಅದರ ಕಾರ್ಯದರ್ಶಿಗಳನ್ನಾಗಿ ಮಾಡಿದರು. ವ್ಯಾಕರಣ ಬಲ್ಲವರಿಗೆ ಲೆಕ್ಕವೂ ಬರುವುದೆಂದು ಜನರು ನಂಬುವುದೇಕೋ ತಿಳಿಯದು. ನಾಲ್ಕು ವರ್ಷಗಳ ಕೆಳಗೆ, ದಿನವಹಿಯ ಶಿಲ್ಕಿಗೂ, ಪೆಟ್ಟಿಗೆಯಲ್ಲಿಯೂ ಬ್ಯಾಂಕಿನಲ್ಲಿಯೂ ನಿಜವಾಗಿ ಇದ್ದ ಹಣಕ್ಕೂ 4,860 ರೂಪಾಯಿಗಳ ಅಂತರ ಕಂಡುಬಂದಿತು. ಖಜಾಂಚಿಗಳಾಗಿದ್ದವರು ನಮ್ಮ ಬೀದಿಯ ಮೂಲೆಯಲ್ಲಿ ದಿನಸಿ ಅಂಗಡಿಯಿಟ್ಟವರು. ಅವರನ್ನು ಯಾರೂ ಕಳ್ಳರೆನ್ನಲಿಲ್ಲ. ನಾವು ಸಭೆಯಲ್ಲಿ ಅಂಕಿಗಳನ್ನು ಓದಿ ಸುಮ್ಮನೆ ಕುಳಿತೆವು. ಆ ಸುಮ್ಮನಿರುವಿಕೆಯ ಅರ್ಥ ಅವರಿಗೆ ಚೆನ್ನಾಗಿಯೇ ಆಯಿತು. ಮರುದಿನ ಬೆಳಗ್ಗೆ ಬಂದು, 4,860 ರೂಪಾಯಿಗಳನ್ನು ಎಣಿಸಿ ಮೇಜಿನ ಮೇಲಿಟ್ಟು, ಅದರ ಮೇಲೆ ಪೆಟ್ಟಿಗೆಯ ಬೀಗದ ಕೈಯನ್ನಿಟ್ಟು, ಮಾತನಾಡದೆ ಹೊರಟುಹೋದರು. ಆಮೇಲೆ ನಾವು ಸಕ್ಕರೆ ಬೇಳೆಗಳನ್ನು ದೂರದ ಅಂಗಡಿಯಿಂದ ತರುವುದಾಯಿತು.

ಅಲ್ಲಿಂದ ಮುಂದೆ ಲೆಕ್ಕದ ಕೆಲಸಕ್ಕೆ ಕೈಹಾಕುವವರೇ ಇಲ್ಲವಾದರು. 1960ರ ಸಂಘಗಳ ನೋಂದಣಿ ಕಾಯಿದೆಯ ಮೇರೆಗೆ ವರ್ಷವರ್ಷವೂ ಪರಿಶೋಧಿತ ಲೆಕ್ಕವನ್ನು ನೋಂದಣಾಧಿಕಾರಿಗಳಿಗೆ ಒಪ್ಪಿಸಬೇಕು. ನಾವು ಮೂರು ವರ್ಷ ಒಪ್ಪಿಸಲಿಲ್ಲ. ಸಂಘದ ಹೆಸರೇ ಅಳಿಸಿಹೋದೀತೆಂಬ ಭಯ ರಾತ್ರಿ ನಿದ್ರೆಯನ್ನು ಕೆಡಿಸುತ್ತಿದ್ದಿತು.

ಈ ಮಧ್ಯೆ ಸಹಾಯ ಬರಲಿಲ್ಲವೆಂದಲ್ಲ. ಹೆಸರು ಹೇಳಲೊಲ್ಲದ ಒಂದು ಸಂಸ್ಥೆಯಿಂದ ಹನ್ನೆರಡು ಮಂದಿ ಯುವಕರು ಒಂದೇ ಬಣ್ಣದ ಅಂಗಿಗಳನ್ನು ತೊಟ್ಟು ಬಂದು, ಕೊಠಡಿಯ ಗೋಡೆಗೆ ಬಣ್ಣ ಬಳಿದು, ಭಾವಚಿತ್ರ ತೆಗೆಸಿಕೊಂಡು ಹೋದರು. ಒಳ್ಳೆಯ ಹುಡುಗರು, ಬಿಸಿಲಿನಲ್ಲಿ ಬೆವರು ಸುರಿಸಿ ದುಡಿದರು. ಆದರೆ ಆ ಗೋಡೆಯ ಮೇಲೆ ನಾವು ಕೈಯಾರೆ ಬರೆದಿದ್ದ ಇಪ್ಪತ್ತರವರೆಗಿನ ಮಗ್ಗಿಯು ಹಳದಿಯ ಬಣ್ಣದಡಿಯಲ್ಲಿ ಮರೆಯಾಯಿತು. ಅವರಲ್ಲಿ ಇಬ್ಬರು ಲೆಕ್ಕಶಾಸ್ತ್ರ ಓದಿದವರೆಂದು ಅವರು ಹೋದಮೇಲೆ ತಿಳಿಯಿತು!

2013ರ ಕಂಪನಿಗಳ ಕಾಯಿದೆಯ 135ನೆಯ ಪ್ರಕರಣವು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಗೊತ್ತಾದ ಮಟ್ಟವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನಾದರೂ ಸಮಾಜಕಾರ್ಯಕ್ಕೆ ವೆಚ್ಚಮಾಡಬೇಕೆಂದು ಅದು ವಿಧಿಸುತ್ತದೆ. ನೌಕರರು ಪ್ರತಿಫಲವಿಲ್ಲದೆ ಕೊಡುವ ವೃತ್ತಿಸೇವೆಗೆ ಬೆಲೆಕಟ್ಟಿ ಆ ವೆಚ್ಚದಲ್ಲಿ ಸೇರಿಸಕೂಡದೆಂದು ಸರ್ಕಾರವು ಸ್ಪಷ್ಟಪಡಿಸಿದೆ. ಹೀಗಾಗಿ ಬಣ್ಣದ ಡಬ್ಬಿಗೆ ಲೆಕ್ಕವುಂಟು, ಲೆಕ್ಕಿಗರ ಭಾನುವಾರಕ್ಕೆ ಲೆಕ್ಕವಿಲ್ಲ. ಇದನ್ನು ಕೇಳಿ ಮೊದಲು ಸಿಟ್ಟಾದೆವು. ಬೆಲೆಕಟ್ಟಲು ಬಿಟ್ಟರೆ ಅರ್ಧ ಗಂಟೆಯ ಉಪದೇಶಕ್ಕೆ ಲಕ್ಷ ರೂಪಾಯಿ ಬರೆದುಕೊಳ್ಳುವವರೂ ಹುಟ್ಟಿಯಾರೆಂದು ಈಗ ತೋರುತ್ತದೆ.

ವಿದ್ಯೆಯ ದಾನದಿಂದ ಆಗಬಹುದಾದುದಕ್ಕೆ ನಿದರ್ಶನವು ದೂರದ ನ್ಯೂಯಾರ್ಕಿನಿಂದ ಬಂದಿದೆ. ಆ ನಗರದ ಅನ್ನದಾನದ ಸಂಸ್ಥೆಗೆ ಟೊಯೋಟಾದವರು ಹಣಕ್ಕೆ ಬದಲು ತಮ್ಮ ಎಂಜಿನಿಯರುಗಳನ್ನು ಕೊಟ್ಟರೆಂದು 2013ರಲ್ಲಿ ಪತ್ರಿಕೆಗಳು ವರದಿಮಾಡಿದುವು. ಹಾರ್ಲೆಮ್ಮಿನ ಛತ್ರದಲ್ಲಿ ಬಡವರು ಊಟಕ್ಕಾಗಿ ಒಂದೂವರೆ ಗಂಟೆಯವರೆಗೂ ಕಾಯುತ್ತಿದ್ದರು. ಹತ್ತು ಸ್ಥಳಗಳು ತೆರವಾದಮೇಲೆ ಹತ್ತು ಜನರನ್ನು ಒಟ್ಟಿಗೆ ಬಿಡುವುದು ಅಲ್ಲಿಯ ಪದ್ಧತಿ. ಎಂಜಿನಿಯರುಗಳು ಅದನ್ನು ನಿಲ್ಲಿಸಿ, ಒಂದು ಕುರ್ಚಿ ತೆರವಾದೊಡನೆ ಒಬ್ಬರನ್ನು ಬಿಡಿಸಿದರು. ಕಾಯುವವರನ್ನು ಒಳಗೆ, ಬಡಿಸುವ ಸ್ಥಳದ ಹತ್ತಿರವೇ ನಿಲ್ಲಿಸಿದರು. ತೆರವಾದ ಕುರ್ಚಿಯನ್ನು ನೋಡುವುದಕ್ಕೆಂದೇ ಒಬ್ಬರನ್ನು ನೇಮಿಸಿದರು. ಕಾಯುವ ಹೊತ್ತು 18 ನಿಮಿಷಕ್ಕಿಳಿಯಿತು. ನಮ್ಮ ಮದುವೆಮನೆಗಳಲ್ಲಿ ಎರಡನೆಯ ಪಂಕ್ತಿಗಾಗಿ ಎಲೆಯ ಹಿಂದೆ ನಿಂತು ಕಾದವರೆಲ್ಲರೂ ಇದರ ಮಹತ್ವವನ್ನು ಬಲ್ಲರು. ಇದೇ ಕಂಪನಿಯವರು ಬಿಡದಿಯಲ್ಲಿ 2007ರಿಂದ ತಾಂತ್ರಿಕ ತರಬೇತಿಯ ಶಾಲೆಯೊಂದನ್ನು ನಡೆಸಿ, ಬಡ ಗ್ರಾಮೀಣ ಮಕ್ಕಳಿಗೆ ಕೈಕಸುಬನ್ನು ಕಲಿಸುತ್ತ ಬಂದಿದ್ದಾರೆ.

ಈ ವರದಿಯನ್ನು ಓದಿದ ಧೈರ್ಯದಿಂದ, ಬೇರೊಂದು ಕಾರ್ಖಾನೆಯ ಅಧಿಕಾರಿಗಳೊಬ್ಬರು ಸಂಘಕ್ಕೆ ಏನು ಬೇಕೆಂದು ಕೇಳಿದಾಗ, "ಹಣ ಬೇಡ ಸ್ವಾಮಿ, ಲೆಕ್ಕ ಬಲ್ಲವರೊಬ್ಬರನ್ನು ನಾಲ್ಕು ಭಾನುವಾರ ಕಳುಹಿಸಿಕೊಡಿ" ಎಂದೆವು. ಅವರು ನಕ್ಕರು, ಆದರೆ ಕಳುಹಿಸಿಕೊಟ್ಟರು.

ಬಂದಾಕೆಗೆ ಮೂವತ್ತು ವರ್ಷಗಳಿರಬಹುದು. ನಮ್ಮ ಮನೆಯವರು ಕೊಟ್ಟ ಕಾಫಿಯನ್ನು ಕುಡಿದು, ನಾವು ನಾಚುತ್ತ ಬಿಚ್ಚಿದ ಬಟ್ಟೆಯ ಗಂಟನ್ನು ನೋಡಿ ಹುಬ್ಬೇರಿಸದೆ, ರಸೀದಿಗಳನ್ನು ತಾರೀಖಿನಂತೆ ಜೋಡಿಸತೊಡಗಿದರು. ನಾವೂ ಪಕ್ಕದಲ್ಲಿ ಕುಳಿತು ಬರೆಯಬೇಕೆಂದು ಪಟ್ಟುಹಿಡಿದರು. "ನಾನು ಮಾಡಿಟ್ಟು ಹೋದರೆ ಮುಂದಿನ ವರ್ಷ ಮತ್ತೆ ಇದೇ ಗಂಟು, ಮೇಷ್ಟ್ರೇ" ಎಂದರು. ಪ್ರತಿ ತಿಂಗಳ ಕೊನೆಗೆ ಪಾಸು ಪುಸ್ತಕವನ್ನೂ ದಿನವಹಿಯನ್ನೂ ಎದುರುಬದುರಾಗಿಟ್ಟು, ಒಂದೊಂದು ಬಾಬಿಗೂ ಗುರುತು ಹಾಕುವ ಕ್ರಮವನ್ನು ಅವರಿಂದ ಕಲಿತೆವು. ಅರುವತ್ತೆಂಟರ ವಯಸ್ಸಿನಲ್ಲಿ ವಿದ್ಯಾರ್ಥಿಯಾಗುವುದು ಸುಲಭವಲ್ಲ.

ಮೂರನೆಯ ಭಾನುವಾರ ಆಕೆ ಒಂದೆಡೆ ಬೆರಳಿಟ್ಟು ತಡೆದರು. "ಮೇಷ್ಟ್ರೇ, ಇದು ಯಾರ ಬರಹ?" ಬರಹ ನಮ್ಮದೇ. ರಾಜ್ಯೋತ್ಸವದ ವಂತಿಗೆಯಾಗಿ ಬಂದ 4,860 ರೂಪಾಯಿಗಳನ್ನು ರಸೀದಿಗಳಂತೆ ಅಂದೇ ಜಮಾ ಬರೆದಿದ್ದೆವು. ಖಜಾಂಚಿಗಳು ಮರುದಿನ ಅದೇ ಹಣವನ್ನು ಬ್ಯಾಂಕಿಗೆ ಕಟ್ಟಿದ್ದರು. ಹದಿನೈದು ದಿನಗಳ ಬಳಿಕ ಪಾಸು ಪುಸ್ತಕದಲ್ಲಿ ಆ ಮೊತ್ತವನ್ನು ಕಂಡ ನಾವು, ಯಾರೋ ದಾನಿಗಳು ಕಟ್ಟಿರಬೇಕೆಂದು ಭಾವಿಸಿ, ಎರಡನೆಯ ಬಾರಿ ಜಮಾ ಬರೆದಿದ್ದೆವು. ಕಳೆದುಹೋದ ಹಣವೆಂಬುದು ಇರಲೇ ಇಲ್ಲ.

ಆಕೆ ಏನೂ ತಿಳಿಯದವರು; "ಸಿಕ್ಕಿತಲ್ಲ!" ಎಂದು ಸಂತೋಷಪಟ್ಟರು. ನಮಗೆ ಮಾತು ಹೊರಡಲಿಲ್ಲ.

ಅಂದು ಸಂಜೆಯೇ ದಿನವಹಿಯನ್ನು ಕಂಕುಳಲ್ಲಿಟ್ಟುಕೊಂಡು, 4,860 ರೂಪಾಯಿಗಳನ್ನು ಲಕೋಟೆಯಲ್ಲಿ ಹಾಕಿಕೊಂಡು ಮೂಲೆಯ ಅಂಗಡಿಗೆ ಹೋದೆವು. ಗಿರಾಕಿಗಳು ಇಬ್ಬರಿದ್ದರು. ಹೊರಗೆ ಕರೆದು ಹೇಳೋಣವೆಂದು ಮನಸ್ಸು ಎಳೆಯಿತು. ಆದರೆ ಸಭೆಯಲ್ಲಿ ಆದ ಅವಮಾನವನ್ನು ಮರೆಯಲ್ಲಿ ತೊಳೆಯುವುದು ನ್ಯಾಯವೆನಿಸಲಿಲ್ಲ. ಅವರೆದುರಿಗೇ ಪುಟವನ್ನು ತೆರೆದು, ತಪ್ಪು ನಮ್ಮದೆಂದೂ, ಮುಂದಿನ ಸಭೆಯಲ್ಲಿ ಹಾಗೆಯೇ ಬರೆಯಿಸುವೆವೆಂದೂ ಹೇಳಿದೆವು. ಅವರು ಕನ್ನಡಕವನ್ನು ಹಾಕಿಕೊಂಡು ಎರಡು ಬರಹಗಳನ್ನೂ ಬಹಳ ಹೊತ್ತು ನೋಡಿದರು. ಲಕೋಟೆಯನ್ನು ತೆಗೆದುಕೊಂಡು, ಎಣಿಸಿ, ಗಲ್ಲಾಪೆಟ್ಟಿಗೆಯಲ್ಲಿ ಹಾಕಿದರು. ಬೇಡವೆನ್ನುವರೆಂದು ನಾವು ಒಳಗೊಳಗೇ ಎಣಿಸಿದ್ದೆವು, ಎಣಿಸಿದುದಕ್ಕೆ ನಾಚಿದೆವು.

"ನಮ್ಮ ಮನೆಯವರು ಹೋದ ವರ್ಷ ತೀರಿಹೋದರು, ಮೇಷ್ಟ್ರೇ. ಇದನ್ನು ಕೇಳಬೇಕೆಂದು ಅವರಿಗೆ ಬಹಳವಿತ್ತು" ಎಂದರು. ಆಮೇಲೆ, "ಆ ಹುಡುಗಿ ಮುಂದಿನ ಭಾನುವಾರವೂ ಬರುತ್ತಾರೇನು?" ಎಂದು ಕೇಳಿದರು.

ಬರುತ್ತಾರೆಂದೆವು.

"ಹಾಗಾದರೆ ನಾನೂ ಬಂದು ಕೂರುತ್ತೇನೆ. ನೀವು ಒಬ್ಬರೇ ಬರೆಯಬೇಡಿ" ಎಂದು ಹೇಳಿ, ಕಾದಿದ್ದ ಗಿರಾಕಿಗೆ ಅರ್ಧ ಕಿಲೋ ತೊಗರಿಬೇಳೆಯನ್ನು ತೂಗತೊಡಗಿದರು.